ಸ್ಕ್ಲೆರೋಡರ್ಮಾ ಬಂದರೆ ಮುಲಾಮಿಗಿಂತ ಮೊದಲು ಬಿಪಿ ಮಶೀನು ತನ್ನಿ

ಡಾಕ್ಟರು ಚೀಟಿಯಲ್ಲಿ ಸ್ಕ್ಲೆರೋಡರ್ಮಾ, ಅಂದರೆ ಚರ್ಮ ಗಟ್ಟಿಯಾಗುವ ಕಾಯಿಲೆ, ಅಂತ ಬರೆದ ದಿನ ಮನೆಯವರು ಮಾಡುವ ಮೊದಲ ಕೆಲಸ ಯಾವುದು ಗೊತ್ತಾ? ಒಳ್ಳೆಯ ಚರ್ಮದ ಡಾಕ್ಟರು ಎಲ್ಲಿದ್ದಾರೆ ಅಂತ ನಾಲ್ಕು ಜನರಿಗೆ ಫೋನ್ ಮಾಡುವುದು. ಎರಡನೆಯದು ಮುಲಾಮು ತರುವುದು. ಎರಡೂ ತಪ್ಪಲ್ಲ. ಆದರೆ ಈ ಕಾಯಿಲೆ ಕಣ್ಣಿಗೆ ಕಾಣುವುದು ಚರ್ಮದಲ್ಲಿ, ಜೀವಕ್ಕೆ ಕುತ್ತು ತರುವುದು ಒಳಗೆ. ಶ್ವಾಸಕೋಶ, ಹೃದಯ, ಕಿಡ್ನಿ. ಬೆರಳು ನೋಡಿಕೊಂಡು "ಈಗ ಪರವಾಗಿಲ್ಲ" ಅಂತ ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪುತ್ತದೆ.

ನಾನು ಡಾಕ್ಟರಲ್ಲ. ನನ್ನ ಅಕ್ಕನಿಗೆ ಈ ಕಾಯಿಲೆ ಇದೆ. ಅವಳ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ, ನಾನಿರುವುದು ಕುಮಟೆಯಲ್ಲಿ. ಅವಳ ಫೈಲು ಹಿಡಿದುಕೊಂಡು ಓಡಾಡುತ್ತಾ, ಡಾಕ್ಟರರನ್ನು ಪ್ರಶ್ನೆ ಕೇಳಿ ಕೇಳಿ ಕಲಿತದ್ದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಉಪಯೋಗವಾಗುವಂತೆ ಬರೆಯುತ್ತಿದ್ದೇನೆ. ಮಾತ್ರೆಯ ಪ್ರಮಾಣ ಹೇಳುವುದಿಲ್ಲ, ಅದು ನಿಮ್ಮ ಡಾಕ್ಟರರ ಕೆಲಸ.

ಮೈಯೊಳಗೆ ಆಗುವುದೇನು

ನಮ್ಮ ರೋಗನಿರೋಧಕ ಶಕ್ತಿ ಇರುವುದು ಹೊರಗಿನಿಂದ ಬಂದ ಸೋಂಕಿನ ಜೊತೆ ಹೋರಾಡಲಿಕ್ಕೆ. ಅದೇ ತಿರುಗಿ ನಮ್ಮ ಮೈಮೇಲೆ ಬಿದ್ದರೆ ಆಟೋಇಮ್ಯೂನ್ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಸ್ಕ್ಲೆರೋಡರ್ಮಾದಲ್ಲಿ ಮೂರು ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ. ಸಣ್ಣ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ರಕ್ತದಲ್ಲಿ ನಮ್ಮದೇ ಜೀವಕೋಶಗಳ ವಿರುದ್ಧ ಆಂಟಿಬಾಡಿಗಳು ಹುಟ್ಟುತ್ತವೆ. ಮತ್ತೆ, ಗಾಯ ಮಾಯುವಾಗ ಮೈ ಕೊಲಾಜೆನ್ ಎಂಬ ನಾರಿನಂಥ ವಸ್ತು ತಯಾರಿಸುತ್ತದಲ್ಲ, ಅದು ಗಾಯವೇ ಇಲ್ಲದ ಜಾಗದಲ್ಲೂ ತಯಾರಾಗಿ, ನಿಲ್ಲಬೇಕಾದಾಗ ನಿಲ್ಲದೆ, ಚರ್ಮದಲ್ಲಿ ತುಂಬಿದರೆ ಚರ್ಮ ಬಿಗಿ, ಶ್ವಾಸಕೋಶದಲ್ಲಿ ತುಂಬಿದರೆ ಉಸಿರು ಬಿಗಿ.

ಯಾಕೆ ಬರುತ್ತದೆ? ಒಂದೇ ಕಾರಣ ಅಂತಿಲ್ಲ. ಹುಟ್ಟಿನಿಂದ ಬಂದ ಒಲವು ಸ್ವಲ್ಪ, ಹೊರಗಿನ ಕಾರಣ ಸ್ವಲ್ಪ. ಗಂಡಸರಿಗಿಂತ ಹೆಂಗಸರಿಗೆ ಸುಮಾರು ನಾಲ್ಕು ಪಟ್ಟು ಜಾಸ್ತಿ, ಅದೂ ಹೆಚ್ಚಾಗಿ 30ರಿಂದ 50 ವರ್ಷದೊಳಗೆ. ಗಂಡಸರಲ್ಲಿ ಕಲ್ಲು ಒಡೆಯುವ, ಕೊರೆಯುವ, ಪಾಲಿಶ್ ಮಾಡುವ ಕೆಲಸದವರಿಗೆ ಸಿಲಿಕಾ ದೂಳಿನಿಂದ ಅಪಾಯ ಹೆಚ್ಚು. ಕ್ರಷರಿನಲ್ಲಿ ಕೆಲಸ ಮಾಡಿದ್ದರೆ ಡಾಕ್ಟರರಿಗೆ ಅದನ್ನು ಹೇಳಲೇಬೇಕು, ಅವರು ಕೇಳದಿದ್ದರೂ.

ಇನ್ನು ಇದು ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ, ಮಗುವನ್ನು ಎತ್ತಿಕೊಂಡರೂ ಬರುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಬೆರಳು ಬಾಗಿ ತುದಿಯಲ್ಲಿ ಹುಣ್ಣಾದಾಗ ಕುಷ್ಠ ಅಂತ ಪಿಸುಗುಟ್ಟುವವರು ಇದ್ದಾರೆ. ನಮ್ಮಂಥ ಕಂದು ಮೈಬಣ್ಣದವರಿಗೆ ಎದೆ, ಕುತ್ತಿಗೆ, ಕೈಮೇಲೆ ಕಪ್ಪು-ಬಿಳಿ ಚುಕ್ಕೆ ಮಿಶ್ರವಾಗಿ ಕಾಣಿಸಿಕೊಂಡಾಗ ತೊನ್ನು ಅನ್ನುವವರೂ ಇದ್ದಾರೆ. ಎರಡೂ ಅಲ್ಲ. ಕುಷ್ಠಕ್ಕೂ ಈಗ ಪೂರ್ತಿ ಗುಣವಾಗುವ ಔಷಧ ಇದೆ, ಹಾಗಾಗಿ ಆ ಪಿಸುಮಾತಿಗೆ ಎರಡು ರೀತಿಯಲ್ಲೂ ಅರ್ಥವಿಲ್ಲ.

ಯಾವ ಬಗೆ ಅಂತ ಕೇಳಿಕೊಳ್ಳಿ

ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ ಇದು. ಒಂದು ಬಗೆ ಬರೀ ಚರ್ಮದ್ದು. ಮೈಮೇಲೆ ಅಲ್ಲಲ್ಲಿ ಗಟ್ಟಿ ಮಚ್ಚೆ ಅಥವಾ ಕೈಕಾಲಿನ ಉದ್ದಕ್ಕೆ ಒಂದು ಪಟ್ಟೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದಕ್ಕೆ ಮಾರ್ಫಿಯಾ ಅನ್ನುತ್ತಾರೆ. ಇದರಲ್ಲಿ ಬೆರಳು ಬೆಳ್ಳಗಾಗುವುದು, ಶ್ವಾಸಕೋಶಕ್ಕೆ ಹೋಗುವುದು ಸಾಮಾನ್ಯವಾಗಿ ಇರುವುದಿಲ್ಲ. ಚರ್ಮದ ಡಾಕ್ಟರೇ ನೋಡಿಕೊಳ್ಳುತ್ತಾರೆ.

ಇನ್ನೊಂದು ಸಿಸ್ಟಮಿಕ್ ಸ್ಕ್ಲೆರೋಸಿಸ್, ಒಳಗಿನ ಅಂಗಗಳಿಗೂ ಹೋಗುವುದು. ಅದರಲ್ಲಿ ಮತ್ತೆ ಎರಡು. ಚರ್ಮದ ಬಿಗಿತ ಬೆರಳು, ಮುಂಗೈ, ಮುಖಕ್ಕೆ ನಿಂತರೆ ಲಿಮಿಟೆಡ್. ಮೊಣಕೈ ದಾಟಿ ತೋಳು, ತೊಡೆ, ಎದೆ, ಹೊಟ್ಟೆಗೆ ಹೋದರೆ ಡಿಫ್ಯೂಸ್. ಲಿಮಿಟೆಡ್ ನಿಧಾನದ್ದು, ವರ್ಷಗಟ್ಟಲೆ ಬರೀ ಬೆರಳಿನ ತೊಂದರೆಯಾಗಿಯೇ ಇರಬಹುದು, ಆದರೆ ಬಹಳ ವರ್ಷದ ಮೇಲೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರುವ ಭಯ ಇದಕ್ಕಿದೆ. ಡಿಫ್ಯೂಸ್ ಮೊದಲ ಮೂರು-ಐದು ವರ್ಷ ಜೋರು. ಕಿಡ್ನಿ, ಶ್ವಾಸಕೋಶಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಆಗಲೇ. ವಿಚಿತ್ರ ಏನೆಂದರೆ ಕೆಲವು ವರ್ಷದ ನಂತರ ಡಿಫ್ಯೂಸ್‌ನಲ್ಲಿ ಚರ್ಮ ತಾನಾಗಿಯೇ ಸ್ವಲ್ಪ ಮೆತ್ತಗಾಗುವುದುಂಟು. ಆಗ ಎಲ್ಲರಿಗೂ ಖುಷಿ. "ಗುಣ ಆಯ್ತು, ಇನ್ನು ಡಾಕ್ಟರ್ ಯಾಕೆ, ಸುಮ್ನೆ ಖರ್ಚು" ಅಂತ ಬಿಟ್ಟುಬಿಡುವುದು ಇಲ್ಲೇ. ಚರ್ಮ ಮೆತ್ತಗಾಯಿತು ಅಂದ ಮಾತ್ರಕ್ಕೆ ಶ್ವಾಸಕೋಶದ ಕಲೆ ಹೋಗಿರುವುದಿಲ್ಲ.

ಕರಾವಳಿಯಲ್ಲಿ ಚಳಿ ಎಲ್ಲಿದೆ ಅನ್ನಬೇಡಿ

ಈ ಕಾಯಿಲೆಯ ಮೊದಲ ಸೂಚನೆ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ: ರೇನಾಡ್. 1862ರಲ್ಲಿ ಮೊರೀಸ್ ರೇನಾಡ್ ಎಂಬ ಫ್ರೆಂಚ್ ವೈದ್ಯ ಇದನ್ನು ವಿವರಿಸಿದ, ಅವನ ಹೆಸರೇ ನಿಂತಿತು. ಚಳಿ ತಾಗಿದರೆ, ಅಥವಾ ಗಾಬರಿಯಾದರೆ, ಬೆರಳಿನ ರಕ್ತನಾಳ ಮುದುಡಿಕೊಳ್ಳುತ್ತದೆ. ಬೆರಳು ಬೆಳ್ಳಗಾಗುತ್ತದೆ, ಆಮೇಲೆ ನೀಲಿ, ಬೆಚ್ಚಗಾದ ಮೇಲೆ ಕೆಂಪು. ನಮ್ಮ ಬಣ್ಣದಲ್ಲಿ ಇದು ಅಷ್ಟು ಸ್ಪಷ್ಟ ಕಾಣುವುದಿಲ್ಲ, ಉಗುರಿನ ಕೆಳಗೆ ಮತ್ತು ಅಂಗೈ ಬದಿಯಿಂದ ನೋಡಬೇಕು. ಮರಗಟ್ಟುವುದು, ಸೂಜಿ ಚುಚ್ಚಿದ ಹಾಗೆ ಆಗುವುದು ಇದ್ದೇ ಇರುತ್ತದೆ.

ಶಿರಸಿ, ಸಿದ್ದಾಪುರದ ಕಡೆ ಜನವರಿ ಬೆಳಿಗ್ಗೆ ಚಳಿ ಇದೆ, ಸರಿ. ಕಾರವಾರ, ಅಂಕೋಲೆಯವರು "ನಮ್ಮಲ್ಲಿ ಬೆವರೇ ಆರುವುದಿಲ್ಲ, ಚಳಿ ಎಲ್ಲಿಂದ" ಅನ್ನುತ್ತಾರೆ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಸೆಕೆಯಿಂದ ಏಸಿ ಇರುವ ಬ್ಯಾಂಕಿಗೆ ಕಾಲಿಟ್ಟರೂ ಸಾಕು, ರೈಲಿನ ಏಸಿ ಬೋಗಿ ಸಾಕು, ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆದರೂ ಸಾಕು. ಮೀನು ಮಾರುವ ಹೆಂಗಸರನ್ನು ನೋಡಿ, ದಿನವಿಡೀ ಐಸಿನೊಳಗೆ ಕೈ. ಅವರಲ್ಲಿ ಬೆರಳು ಮರಗಟ್ಟಿ ಬಣ್ಣ ಬದಲಾಗುತ್ತದೆ ಅಂತ ಯಾರಾದರೂ ಹೇಳಿದರೆ ಐಸಿನ ದೆಸೆ ಅಂತ ತಳ್ಳಿಹಾಕದೆ ಒಮ್ಮೆ ತೋರಿಸಿ.

ಹಾಗಂತ ಬೆರಳು ಬೆಳ್ಳಗಾದವರೆಲ್ಲ ಹೆದರಬೇಕಾಗಿಲ್ಲ. ಬರೀ ರೇನಾಡ್ ಇರುವವರು ಬೇಕಾದಷ್ಟು ಜನ, ಅವರಲ್ಲಿ ಹೆಚ್ಚಿನವರಿಗೆ ಮುಂದೆ ಏನೂ ಆಗುವುದಿಲ್ಲ. ಅದರ ಜೊತೆಗೆ ಬೆರಳೆಲ್ಲ ಊದಿಕೊಂಡು ಉಂಗುರ, ಬಳೆ ಹೋಗದಿರುವುದು, ಬೆರಳ ತುದಿಯಲ್ಲಿ ಬೇಗ ಮಾಯದ ಹುಣ್ಣು, ಎದೆಯುರಿ, ಮುಖದ ಮೇಲೆ ಸಣ್ಣ ಕೆಂಪು ಚುಕ್ಕೆ, ಘಟ್ಟ ಹತ್ತುವಾಗ ಮೊದಲಿಲ್ಲದ ಏದುಸಿರು, ಇಂಥದ್ದು ಸೇರಿಕೊಂಡರೆ, ಅಥವಾ ರೇನಾಡ್ ಮೊದಲ ಸಲ ಬಂದದ್ದೇ 40ರ ಮೇಲಾದರೆ, ಆಗ ತಡ ಮಾಡಬಾರದು.

ಯಾರ ಹತ್ತಿರ ಹೋಗುವುದು, ಏನು ಕೇಳುವುದು

ರುಮಟಾಲಜಿಸ್ಟ್ ಹತ್ತಿರ, ಅಂದರೆ ಸಂಧಿವಾತ, ಆಟೋಇಮ್ಯೂನ್ ಕಾಯಿಲೆಗಳ ಡಾಕ್ಟರರ ಹತ್ತಿರ. ಮೂಳೆ ಡಾಕ್ಟರಲ್ಲ, ಚರ್ಮದ ಡಾಕ್ಟರೊಬ್ಬರೇ ಅಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗುತ್ತಲೇ ಇದ್ದೇವೆ, ಆ ಕತೆ ಇಲ್ಲಿ ಬೇಡ. ಕಾರವಾರದವರು ಗೋವಾಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಹೊನ್ನಾವರ-ಭಟ್ಕಳದವರು ಮಣಿಪಾಲ, ಮಂಗಳೂರಿಗೆ ಹೋಗುವುದು ರೂಢಿ. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರ್. ಹೊರಡುವ ಮೊದಲು ಫೋನ್ ಮಾಡಿ ರುಮಟಾಲಜಿ ಓಪಿಡಿ ಯಾವ ದಿನ, ಪರೀಕ್ಷೆಗಳೆಲ್ಲ ಅದೇ ಕಟ್ಟಡದಲ್ಲಿ ಆಗುತ್ತವಾ ಅಂತ ಕೇಳಿ. ಆಯುಷ್ಮಾನ್ ಕಾರ್ಡ್ ಮೇಲೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ವಿಷಯವನ್ನೂ ಮೊದಲೇ ವಿಚಾರಿಸಿ. ಅಲ್ಲಿ ಹೋಗಿ ವಾಪಸ್ ಬರುವುದಿದೆಯಲ್ಲ, ಅದರಷ್ಟು ಬೇಸರ ಬೇರೆ ಇಲ್ಲ.

ಪರೀಕ್ಷೆಗಳ ಬಗ್ಗೆ. ಎಎನ್‌ಎ ಅಂತ, ನಮ್ಮದೇ ಜೀವಕೋಶಗಳ ವಿರುದ್ಧದ ಆಂಟಿಬಾಡಿ ಹುಡುಕುವ ರಕ್ತ ಪರೀಕ್ಷೆ ಮೊದಲು ಬರೆಯುತ್ತಾರೆ. ಅದು ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ, ಏನೂ ಇಲ್ಲದ ಆರೋಗ್ಯವಂತರಲ್ಲೂ ಬರುತ್ತದೆ. ಅದಾದ ಮೇಲಿನ ಆಂಟಿಬಾಡಿಗಳು ಮುಖ್ಯ. ಸೆಂಟ್ರೋಮಿಯರ್ ಬಂದರೆ ಹೆಚ್ಚಾಗಿ ಲಿಮಿಟೆಡ್ ಬಗೆ. ಎಸ್‌ಸಿಎಲ್-70 ಬಂದರೆ ಶ್ವಾಸಕೋಶದ ಮೇಲೆ ಕಣ್ಣಿಡಬೇಕು. ಆರ್‌ಎನ್‌ಎ ಪಾಲಿಮರೇಸ್-3 ಬಂದರೆ ಕಿಡ್ನಿಯ ಮೇಲೆ. ಉಗುರಿನ ಬುಡದ ಸಣ್ಣ ರಕ್ತನಾಳಗಳನ್ನು ದೊಡ್ಡದು ಮಾಡಿ ನೋಡುವ ಪರೀಕ್ಷೆಯೂ ಇದೆ, ನೋವಿಲ್ಲ, ಐದು ಹತ್ತು ನಿಮಿಷದ ಕೆಲಸ. ಚರ್ಮವನ್ನು ಡಾಕ್ಟರು ಕೈಯಿಂದಲೇ ಚಿವುಟಿ 17 ಜಾಗದಲ್ಲಿ 0ರಿಂದ 3ರವರೆಗೆ ಅಂಕ ಕೊಡುತ್ತಾರೆ, ಒಟ್ಟು 51. ಆ ಅಂಕ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹೋಲಿಸಲು ಬೇಕು.

ಈಗ ಶ್ವಾಸಕೋಶ. ಈ ಕಾಯಿಲೆಯಲ್ಲಿ ಅತಿ ಹೆಚ್ಚು ಸಾವು ಬರುವುದು ಇದರಿಂದ, ಒಂದೋ ಶ್ವಾಸಕೋಶದಲ್ಲಿ ಕಲೆ ಬೀಳುವುದು, ಇಲ್ಲವೇ ಅದರ ರಕ್ತನಾಳದ ಒತ್ತಡ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಮ್ಮಿಲ್ಲ, ದಮ್ಮಿಲ್ಲ. ಸಾದಾ ಎಕ್ಸ್‌ರೇಯಲ್ಲೂ ತಪ್ಪಿಹೋಗುತ್ತದೆ. ಹಾಗಾಗಿ ಕಾಯಿಲೆ ಗೊತ್ತಾದ ಕೂಡಲೇ, ತೊಂದರೆ ಇರಲಿ ಬಿಡಲಿ, ಎದೆಯ ಎಚ್‌ಆರ್‌ಸಿಟಿ ಸ್ಕ್ಯಾನ್, ಊದುವ ಪರೀಕ್ಷೆ ಪಿಎಫ್‌ಟಿ, ಹೃದಯದ ಎಕೋ ಈ ಮೂರನ್ನೂ ಒಮ್ಮೆ ಮಾಡಿಸುತ್ತಾರೆ. ಯಾರೂ ಬರೆಯದಿದ್ದರೆ ನೀವೇ ಕೇಳಿ. ಪಿಎಫ್‌ಟಿಯಲ್ಲಿ ಡಿಎಲ್‌ಸಿಓ ಅಂತ ಒಂದು ಭಾಗ ಇದೆ, ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ದಾಟುತ್ತದೆ ಅಂತ ಅಳೆಯುವುದು, ಅದು ಎಲ್ಲ ಕಡೆ ಇರುವುದಿಲ್ಲ, ಈ ಕಾಯಿಲೆಗೆ ಅದೇ ಬೇಕಾದದ್ದು. ಪಿಎಫ್‌ಟಿ, ಎಕೋ ವರ್ಷಕ್ಕೊಮ್ಮೆಯಾದರೂ, ಡಿಫ್ಯೂಸ್ ಆದರೆ ಮೊದಲ ವರ್ಷಗಳಲ್ಲಿ ಇನ್ನೂ ಬೇಗ ಬೇಗ.

ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಆಕ್ಸಿಮೀಟರನ್ನು ಇಲ್ಲಿ ನಂಬಲು ಹೋಗಬೇಡಿ. ಬೆರಳಿಗೆ ರಕ್ತವೇ ಸರಿ ಹೋಗದಿದ್ದಾಗ ಅದು ಇಲ್ಲದ ಕಡಿಮೆ ಅಂಕಿ ತೋರಿಸುತ್ತದೆ. ಆಸ್ಪತ್ರೆಯಲ್ಲಿ ಕಿವಿಗೆ ಅಥವಾ ಹಣೆಗೆ ಹಾಕಿ ನೋಡಲು ಹೇಳಬಹುದು.

ಬಿಪಿ ಮಶೀನು ಯಾಕೆ

ಡಿಫ್ಯೂಸ್ ಬಗೆಯವರಲ್ಲಿ ಕೆಲವರಿಗೆ, ಹೆಚ್ಚಾಗಿ ಮೊದಲ ನಾಲ್ಕೈದು ವರ್ಷದಲ್ಲಿ, ಇದ್ದಕ್ಕಿದ್ದಂತೆ ಕಿಡ್ನಿಯ ರಕ್ತನಾಳ ಕಟ್ಟಿಕೊಂಡು ಬಿಪಿ ಏರುತ್ತದೆ. ರೀನಲ್ ಕ್ರೈಸಿಸ್ ಅನ್ನುತ್ತಾರೆ. ಒಂದು ಕಾಲದಲ್ಲಿ ಇದು ಬಂದರೆ ಉಳಿದವರು ಬಹಳ ಕಡಿಮೆ. ಕ್ಯಾಪ್ಟೊಪ್ರಿಲ್, ಎನಾಲಾಪ್ರಿಲ್ ಥರದ ಮಾತ್ರೆ ಬಂದ ಮೇಲೆ ಚಿತ್ರವೇ ಬದಲಾಯಿತು. ಆದರೆ ಆ ಮಾತ್ರೆ ಕೆಲಸ ಮಾಡಬೇಕಾದರೆ ಬೇಗ ಶುರುವಾಗಬೇಕು, ಬೇಗ ಶುರುವಾಗಬೇಕಾದರೆ ಬೇಗ ಗೊತ್ತಾಗಬೇಕು, ಬೇಗ ಗೊತ್ತಾಗಲಿಕ್ಕೆ ಮನೆಯಲ್ಲಿ ಬಿಪಿ ನೋಡುವುದೇ ಮುಖ್ಯ ದಾರಿ.

ತೋಳಿಗೆ ಪಟ್ಟಿ ಕಟ್ಟುವ ಸಾದಾ ಮಶೀನು ಸಾಕು. ಬಿಪಿ ಬರೆದಿಡಲು ಹಳೆಯ ಕ್ಯಾಲೆಂಡರೇ ಸಾಕು. ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರು ಹೇಳುತ್ತಾರೆ, ಡಿಫ್ಯೂಸ್ ಹೊಸತಾಗಿದ್ದರೆ ವಾರಕ್ಕೆ ಕೆಲವು ಸಲವಾದರೂ. ನಿಮ್ಮ ಮಾಮೂಲು ಬಿಪಿ ಎಷ್ಟು ಅಂತ ಗೊತ್ತಿರಬೇಕು. ಯಾಕೆಂದರೆ 100/60 ಇದ್ದವರಿಗೆ 135/85 ಬಂದರೆ ಮೆಡಿಕಲ್ ಶಾಪಿನವರು "ನಾರ್ಮಲ್" ಅಂದುಬಿಡುತ್ತಾರೆ, ಅವರಿಗೆ ಅದು ನಾರ್ಮಲ್ ಅಲ್ಲ. 140/90 ದಾಟಿದರೆ, ಅಥವಾ ಮಾಮೂಲಿಗಿಂತ ಮೇಲಿನದು 30, ಕೆಳಗಿನದು 20 ಏರಿದರೆ, ಒಮ್ಮೆ ಕೂತು ಸುಧಾರಿಸಿಕೊಂಡು ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ಅದೇ ದಿನ ಡಾಕ್ಟರರಿಗೆ ಫೋನ್. ಜೊತೆಗೆ ತಲೆನೋವು, ಕಣ್ಣು ಮಂಜು, ಉಸಿರಾಟದ ತೊಂದರೆ, ಮೂತ್ರ ಕಡಿಮೆ ಆದರೆ ಫೋನಿಗೂ ಕಾಯದೆ ಆಸ್ಪತ್ರೆ. ಕ್ರೈಸಿಸ್ ಬರುವ ಮೊದಲೇ ಮುನ್ನೆಚ್ಚರಿಕೆಗೆ ಅಂತ ಕ್ಯಾಪ್ಟೊಪ್ರಿಲ್ ಥರದ ಮಾತ್ರೆ ನುಂಗುವುದು ಮಾತ್ರ ಬೇಡ, ಅದರಿಂದ ಪ್ರಯೋಜನ ಇಲ್ಲ.

ಇದಕ್ಕೇ ಸೇರಿದ ಮಾತು: ಸ್ಟಿರಾಯ್ಡ್. ದಿನಕ್ಕೆ 15 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೊಲೋನ್ ಈ ಕಿಡ್ನಿ ಅಪಾಯವನ್ನು ಹೆಚ್ಚಿಸುತ್ತದೆ. ಬೇರೆ ಆಟೋಇಮ್ಯೂನ್ ಕಾಯಿಲೆಗೆ ಸ್ಟಿರಾಯ್ಡ್ ಧಾರಾಳ ಕೊಡುತ್ತಾರೆ, ಇದರಲ್ಲಿ ಹಾಗಲ್ಲ. ಆದ್ದರಿಂದ ಯಾವುದೋ ಕಾಯಿಲೆಗೆ ಇನ್ನೊಬ್ಬ ಡಾಕ್ಟರರ ಹತ್ತಿರ ಹೋದಾಗ "ನನಗೆ ಸ್ಕ್ಲೆರೋಡರ್ಮಾ ಇದೆ" ಅಂತ ಮೊದಲೇ ಹೇಳಿ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಹೆಸರಿಲ್ಲದ ಸಂದುನೋವಿನ ಪುಡಿಯಂತೂ ಮುಟ್ಟಲೇಬೇಡಿ. ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಎರಡೇ ದಿನಕ್ಕೆ ನೋವು ಮಾಯ ಅಂದರೆ ಸಂಶಯ ಪಡಬೇಕು, ಖುಷಿ ಅಲ್ಲ. ಈಗಾಗಲೇ ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸದೆ ಡಾಕ್ಟರರಿಗೆ ತೋರಿಸಿ.

ಕೈ

ಬೆರಳನ್ನಷ್ಟೇ ಬೆಚ್ಚಗಿಟ್ಟರೆ ಸಾಲದು, ಇಡೀ ಮೈ ಬೆಚ್ಚಗಿರಬೇಕು. ಹೊಟ್ಟೆ-ಬೆನ್ನು ತಣ್ಣಗಾದರೆ ಮೈ ಬೆರಳಿನ ರಕ್ತ ಕಡಿಮೆ ಮಾಡುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ. ಬೆಳಿಗ್ಗೆ ಬೈಕಿನಲ್ಲಿ ದೇವಿಮನೆ ಘಟ್ಟ ಇಳಿಯುವ ಸಾಹಸ ಡಿಸೆಂಬರಿನಲ್ಲಿ ಬೇಡ. ಬೆರಳು ಮರಗಟ್ಟಿದಾಗ ಉಗುರುಬೆಚ್ಚಗಿನ ನೀರು, ಅಥವಾ ಕಂಕುಳಲ್ಲಿ ಕೈ. ಬಚ್ಚಲ ಒಲೆಯ ಬೆಂಕಿಗೆ ನೇರ ಹಿಡಿಯಬಾರದು, ಮರಗಟ್ಟಿದ ಬೆರಳಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಪಾತ್ರೆ ತೊಳೆಯುವಾಗ ಒಳಗೆ ಹತ್ತಿ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್. ಅಕ್ಕ ಮೊದಮೊದಲು "ಇದೇನು ಆಪರೇಷನ್ ಮಾಡ್ತೇನಾ" ಅಂತ ನಗುತ್ತಿದ್ದಳು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂರುವುದನ್ನು ಪೂರ್ತಿ ಬಿಟ್ಟಳು. ಬೆರಳ ತುದಿಯ ಸಣ್ಣ ಗಾಯವೂ ತಿಂಗಳುಗಟ್ಟಲೆ ಕಾಡುತ್ತದೆ, ಅದಕ್ಕೆ. ಗೇರುಬೀಜದ ಸಿಪ್ಪೆಯ ಎಣ್ಣೆ ಇನ್ನೂ ಕೆಟ್ಟದ್ದು. ಹುಣ್ಣು ಕಪ್ಪಾದರೆ, ಕೀವು ಬಂದರೆ, ನೋವು ತಡೆಯಲಾಗದಷ್ಟಾದರೆ ಅದು ತುರ್ತು, ಮನೆಮದ್ದಿನ ಕೆಲಸವಲ್ಲ.

ತೆಂಗಿನೆಣ್ಣೆ ಒಳ್ಳೆಯದೇ, ಸ್ನಾನ ಆದ ಕೂಡಲೇ ಒದ್ದೆ ಮೈಗೆ ಹಚ್ಚಿದರೆ ಚರ್ಮ ಒಣಗುವುದಿಲ್ಲ. ಕಾಯಿಲೆ ಮಾತ್ರ ಎಣ್ಣೆಯಿಂದ ಹೋಗುವುದಿಲ್ಲ. ದಿನಾ ಬೆರಳು ಬಿಡಿಸುವ, ಮಡಿಸುವ, ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಒತ್ತುವ ವ್ಯಾಯಾಮ ಬೇಕು. ಬಾಯಿಗೂ ವ್ಯಾಯಾಮ ಬೇಕು, ದೊಡ್ಡದಾಗಿ ತೆರೆಯುವುದು, ಕೆನ್ನೆ ಉಬ್ಬಿಸುವುದು. ಬಾಯಿ ಸಣ್ಣದಾದ ಮೇಲೆ ಹಲ್ಲಿನ ಡಾಕ್ಟರರಿಗೂ ಒಳಗೆ ಕೈ ಹಾಕಲಾಗುವುದಿಲ್ಲ, ಹಾಗಾಗಿ ಹಲ್ಲಿನ ಕೆಲಸ ಏನಿದ್ದರೂ ಮೊದಲೇ ಮುಗಿಸಿಕೊಳ್ಳಿ.

ಬೀಡಿ, ಸಿಗರೇಟು, ಕವಳದ ತಂಬಾಕು ಎಲ್ಲ ಬಂದ್. ಇದರಲ್ಲಿ ರಾಜಿ ಇಲ್ಲ. ಶೀತಕ್ಕೆ ಕೊಡುವ ಮಾತ್ರೆಗಳಲ್ಲಿ ಫಿನೈಲ್‌ಎಫ್ರಿನ್ ಇದ್ದರೆ, ತಲೆನೋವಿಗೆ, ನಡುಕಕ್ಕೆ ಕೊಡುವ ಪ್ರೊಪ್ರಾನೊಲಾಲ್ ಇದ್ದರೆ ರೇನಾಡ್ ಜಾಸ್ತಿಯಾಗಬಹುದು. ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಿ.

ಹೊಟ್ಟೆ

ಹತ್ತರಲ್ಲಿ ಒಂಬತ್ತು ಜನಕ್ಕೆ ಹೊಟ್ಟೆ-ಅನ್ನನಾಳದ ತೊಂದರೆ ಇರುತ್ತದೆ. ಅನ್ನನಾಳದ ಸ್ನಾಯು ಸೋತು ಊಟ ಕೆಳಗೆ ಇಳಿಯುವುದಿಲ್ಲ, ಹುಳಿ ಮೇಲೆ ಬರುತ್ತದೆ. ರಾತ್ರಿ ಊಟ ಏಳು ಗಂಟೆಗೇ ಮುಗಿಸಿ. ಮಲಗಲು ಮೂರು ತಾಸು ಇರಲಿ. ಎರಡು ದಿಂಬು ಹಾಕಿದರೆ ಹೊಟ್ಟೆ ಮಡಿಸಿ ಇನ್ನೂ ತೊಂದರೆ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಗಟ್ಟಿ ಮರದ ತುಂಡು ಇಡಿ. ಒಮ್ಮೆಲೇ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪ. ಕುಚ್ಚಲಕ್ಕಿ ಗಂಜಿ, ಮೆತ್ತಗಿನ ಪಲ್ಯ, ಮುಳ್ಳಿಲ್ಲದ ಮೀನು ಆಗುತ್ತದೆ. ಊಟದ ಕೊನೆಗೆ ಲೋಟ ತುಂಬ ಅಪ್ಪೆಹುಳಿ ಕುಡಿಯುವ ಶಿರಸಿ ಮಂದಿಗೆ ಇದು ಕಷ್ಟದ ಸುದ್ದಿ, ಆದರೆ ರಾತ್ರಿ ಹೊತ್ತು ಬಿಡಲೇಬೇಕು. ಮಧ್ಯಾಹ್ನ ಒಂದೆರಡು ಗುಟುಕು ನಿಮ್ಮ ಎದೆಯುರಿ ಬಿಟ್ಟದ್ದು. ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತಾ ತೂಕ ಇಳಿಯುತ್ತಿದ್ದರೆ ಡಾಕ್ಟರರಿಗೆ ಹೇಳಿ. ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿರಬಹುದು, ಅದಕ್ಕೆ ಔಷಧ ಇದೆ.

ಔಷಧ

ಪೂರ್ತಿ ಗುಣ ಮಾಡುವ ಮಾತ್ರೆ ಇಲ್ಲ. ಒಂದೊಂದು ಅಂಗಕ್ಕೆ ಒಂದೊಂದು ಚಿಕಿತ್ಸೆ. ಬೆರಳಿಗೆ ನಿಫೆಡಿಪಿನ್ ಅಥವಾ ಅಮ್ಲೊಡಿಪಿನ್, ಸಾಲದಿದ್ದರೆ ಸಿಲ್ಡೆನಾಫಿಲ್, ಟಡಾಲಾಫಿಲ್. ಕೊನೆಯ ಎರಡರ ಹೆಸರು ನೋಡಿ ಮೆಡಿಕಲ್ ಶಾಪಿನಲ್ಲಿ ನಾಚಿಕೆ ಪಡಬೇಕಾಗಿಲ್ಲ, ರಕ್ತನಾಳ ಸಡಿಲಿಸುವುದೇ ಅದರ ಕೆಲಸ. ಎದೆಯುರಿಗೆ ಪ್ಯಾಂಟೊಪ್ರಜೋಲ್ ಥರದವು. ಚರ್ಮ, ಶ್ವಾಸಕೋಶಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೊಫೆನೊಲೇಟ್, ಸೈಕ್ಲೊಫಾಸ್ಫಮೈಡ್, ರಿಟುಕ್ಸಿಮ್ಯಾಬ್. ಅಮೆರಿಕದಲ್ಲಿ ಈ ಕಾಯಿಲೆಯ ಶ್ವಾಸಕೋಶದ ತೊಂದರೆಗೆ 2019ರಲ್ಲಿ ನಿಂಟೆಡಾನಿಬ್, 2021ರಲ್ಲಿ ಟೊಸಿಲಿಜುಮ್ಯಾಬ್ ಒಪ್ಪಿಗೆ ಪಡೆದವು. ಇವು ಬೇಗ ಫಲ ತೋರಿಸುವುದಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡು, ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ಮಕ್ಕಳಾಗುವ ವಯಸ್ಸಿನವರು ಮೊದಲೇ ಮಾತಾಡಿ. ಈ ಕಾಯಿಲೆಗೆ ಕೊಡುವ ಮೈಕೊಫೆನೊಲೇಟ್, ಮೆಥೊಟ್ರೆಕ್ಸೇಟ್, ಬೊಸೆಂಟಾನ್ ಬಸುರಿಗೆ ಆಗುವುದಿಲ್ಲ.

ಕಷಾಯ ಕುಡಿಯುವುದು ನಮ್ಮ ಕಡೆ ಊಟದಷ್ಟೇ ಸಹಜ. ಜೀರಿಗೆ-ಕೊತ್ತಂಬರಿ ಕಷಾಯಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ "ಇಮ್ಯುನಿಟಿ ಹೆಚ್ಚಿಸುತ್ತೆ" ಅಂತ ಮಾರುವ ಯಾವುದೂ ಇಲ್ಲಿ ಬೇಡ. ಇಮ್ಯುನಿಟಿಯನ್ನು ತಗ್ಗಿಸಲಿಕ್ಕೆ ಮಾತ್ರೆ ನುಂಗುತ್ತಾ ಏರಿಸಲಿಕ್ಕೆ ಕಷಾಯ ಕುಡಿಯುವುದು ಯಾವ ನ್ಯಾಯ? ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಸಮಯದಲ್ಲಿ ಮುಂಬಯಿ ವೈದ್ಯರು ವರದಿ ಮಾಡಿದ್ದರು, ಅವರಲ್ಲಿ ಆಟೋಇಮ್ಯೂನ್ ತೊಂದರೆ ಇದ್ದವರೂ ಇದ್ದರು. ನಾಟಿ ಔಷಧ ತೆಗೆದುಕೊಳ್ಳುವುದಾದರೂ ಮುಚ್ಚಿಡದೆ ಹೇಳಿ, ಬೈಸಿಕೊಂಡರೂ ಪರವಾಗಿಲ್ಲ.

ಫೈಲಿನಲ್ಲಿ ಇರಬೇಕಾದದ್ದು: ಮೊದಲ ಎಚ್‌ಆರ್‌ಸಿಟಿಯ ಸಿಡಿ ಅಥವಾ ಫಿಲ್ಮು, ಬರೀ ರಿಪೋರ್ಟ್ ಸಾಲದು. ಎಲ್ಲ ಪಿಎಫ್‌ಟಿ ಕಾಗದಗಳು ದಿನಾಂಕದ ಸಾಲಿನಲ್ಲಿ. ಆಂಟಿಬಾಡಿ ರಿಪೋರ್ಟ್. ಬಿಪಿ ಬರೆದ ಕ್ಯಾಲೆಂಡರ್ ಹಾಳೆ. ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಬೆರಳಿನ ಬಣ್ಣ ಬದಲಾದಾಗ ತೆಗೆದ ಫೋಟೊ ಮೊಬೈಲಿನಲ್ಲಿ, ಯಾಕೆಂದರೆ ಡಾಕ್ಟರರ ಮುಂದೆ ಕೂತಾಗ ಬೆರಳು ಯಾವಾಗಲೂ ಸರಿಯಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಹೋಗುವುದಾದರೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಘಟ್ಟದ ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನವೇ ಕೇಳಿಕೊಂಡು ಹೊರಡಿ.